ಓಟ ಒಬ್ಬನದು, ಖರ್ಚು ಯಾರದು?

ಕಳೆದ ಆಗಮನ ಕಾಲದ ಒಂದು ಭಾನುವಾರ ಎರಡನೆಯ ಬಲಿಪೂಜೆ ಮುಗಿದ ಮೇಲೆ ಯುವ ದಂಪತಿಗಳು ಗುರುನಿವಾಸದ ಜಗಲಿಗೆ ಬಂದು ಕುಳಿತರು. ಗಂಡ ಬೈಕ್ ಮೆಕ್ಯಾನಿಕ್. ಹೆಂಡತಿ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಹೊಲಿಗೆ ಕೆಲಸ ಮಾಡುವಾಕೆ. ನಾಲ್ಕು ವರ್ಷದ ಮಗಳು ಅಂಗಳದಲ್ಲಿ ಬೆಕ್ಕಿನ ಹಿಂದೆ ಓಡುತ್ತಿದ್ದಳು. ಆಕೆಯ ಕೈಯಲ್ಲಿ ಮನೆಯ ಲೆಕ್ಕ ಬರೆಯುವ ನೋಟ್‌ಬುಕ್ಕು, ಅವನ ಕೈಯಲ್ಲಿ ಹಳೆಯ ಬಿಲ್ಲಿನ ಹಿಂಬದಿಯಲ್ಲಿ ಗೀಚಿದ ಒಂದು ಚೀಟಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. (ಇದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ. ಜಗಲಿಯ ಮಾತು. ಅವರಿಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

"ಫಾದರ್, ಇವರು ರೇಸ್ ಓಡಿಸ್ತಾರೆ ಅಂತ ನನಗೆ ಬೇಜಾರಿಲ್ಲ. ನನ್ನ ಕೊರಳ ಸರ ಎಲ್ಲಿ ಹೋಯ್ತು ಅಂತ ಗೊತ್ತಾಗೋಕೆ ನನಗೆ ಆರು ತಿಂಗಳು ಬೇಕಾಯ್ತು. ಅದಕ್ಕೆ ಬೇಜಾರು" ಎಂದಳು ಆಕೆ.

"ಕುಡಿಯೋಲ್ಲ, ಇಸ್ಪೀಟು ಮುಟ್ಟೋಲ್ಲ ಫಾದರ್. ನನಗಿರೋದು ಇದೊಂದೇ. ದುಡಿಯೋದೂ ನಾನೇ ಅಲ್ವಾ?" ಎಂದ ಅವನು. ಆಕೆಯೂ ದುಡಿಯುತ್ತಾಳೆ ಎಂಬುದು ಆ ಗಳಿಗೆಯಲ್ಲಿ ಅವನಿಗೆ ಮರೆತಿತ್ತು.

ಪ್ರಿಯ ಓದುಗರೇ, ಬೈಕ್ ರೇಸ್ ನಮ್ಮಲ್ಲಿ ಹೆಚ್ಚಿನವರ ಮನೆಯ ಸಮಸ್ಯೆಯಲ್ಲ. ಆದರೆ ಆ ಜಗಲಿಯಲ್ಲಿ ಕುಳಿತಿದ್ದ ಪ್ರಶ್ನೆ ಎಲ್ಲರ ಮನೆಯದು. ಒಬ್ಬನಿಗೆ ಪ್ರಾಣಕ್ಕಿಂತ ಪ್ರಿಯವಾದ ಹವ್ಯಾಸವಿದೆ. ಅದಕ್ಕೆ ಹಣ ಬೇಕು. ಆ ಹಣಕ್ಕೆ ಮನೆಯಲ್ಲಿ ಬೇರೆ ಹಕ್ಕುದಾರರೂ ಇದ್ದಾರೆ. ಆಗ ಎಷ್ಟು ಖರ್ಚು ಮಾಡುವುದು ನ್ಯಾಯ? ಅದನ್ನು ತೀರ್ಮಾನಿಸಬೇಕಾದವರು ಯಾರು?

ಆಟ ಪಾಪವೇ?

ಮೊದಲು ಈ ಆಟದ ಪರಿಚಯ ಮಾಡಿಕೊಳ್ಳೋಣ. ಬೆಂಗಳೂರಿನ ಸವಾರರು ಓಟಕ್ಕಾಗಿ ಹೆಚ್ಚಾಗಿ ಹೋಗುವುದು ತಮಿಳುನಾಡಿಗೆ. ಚೆನ್ನೈ ಹತ್ತಿರ, ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ 1990ರಿಂದ ಒಂದು ರೇಸ್ ಪಥವಿದೆ. ಅದರ ಒಂದು ಸುತ್ತು 3.7 ಕಿಲೋಮೀಟರ್. ಅದಕ್ಕೆ ಮುಂಚೆ ಶೋಲಾವರಂನ ಹಳೆಯ ವಿಮಾನ ಓಡುದಾರಿಯಲ್ಲಿ ಸ್ಪರ್ಧೆಗಳು ನಡೆಯುತ್ತಿದ್ದವು. ಕೊಯಮತ್ತೂರಿನ ಬಳಿ ಕರಿ ಮೋಟಾರ್ ಸ್ಪೀಡ್‌ವೇ ಎಂಬ ಇನ್ನೊಂದು ಪಥವಿದೆ. ಸ್ಪರ್ಧಿಸುವವರು ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ಪರವಾನಗಿ ಪಡೆಯಬೇಕು. ಮೊದಲು ಅಭ್ಯಾಸ, ಆಮೇಲೆ ಅರ್ಹತಾ ಸುತ್ತು, ಕೊನೆಗೆ ಓಟ. ಸಣ್ಣ ಬೈಕುಗಳ ಓಟ ಕಾಲು ಗಂಟೆಯೊಳಗೇ ಮುಗಿದುಹೋಗುತ್ತದೆ. ಬಹಳ ಸಲ ಅದು ಭಾನುವಾರವೇ ಬೀಳುತ್ತದೆ. ಆ ಬಗ್ಗೆ ನನ್ನ ದೂರನ್ನು ಅವನಿಗೆ ಬೇರೆಯಾಗಿ ಹೇಳಿದ್ದೇನೆ, ಇಲ್ಲಿ ಬೇಡ.

ಕಾಲು ಗಂಟೆಯ ಓಟಕ್ಕೆ ಇಷ್ಟೊಂದು ಹಣವೇ ಎಂದು ಹಿರಿಯರು ಕೇಳುತ್ತಾರೆ. ನನ್ನ ದುಡಿಮೆ, ನನ್ನ ಇಷ್ಟ ಎಂದು ಕಿರಿಯರು ಉತ್ತರಿಸುತ್ತಾರೆ. ಎರಡೂ ಅವಸರದ ಮಾತುಗಳು.

ಆಟವನ್ನು ಕೀಳಾಗಿ ಕಾಣಬೇಕಾಗಿಲ್ಲ. ಸಂತ ಥಾಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಅಲ್ಲಿ ಅವರು ಸಂತ ಯೊವಾನ್ನರ ಬಗೆಗಿನ ಹಳೆಯ ಕಥೆಯೊಂದನ್ನು ನೆನೆಯುತ್ತಾರೆ. ಶಿಷ್ಯರೊಡನೆ ಆಡುತ್ತಿದ್ದ ಯೊವಾನ್ನರನ್ನು ಕಂಡು ಕೆಲವರು ಬೇಸರಪಟ್ಟರಂತೆ. ಆಗ ಅವರು ಬಿಲ್ಲು ಹಿಡಿದಿದ್ದ ಒಬ್ಬನಿಗೆ ಬಾಣ ಬಿಡಲು ಹೇಳಿದರು. ಅವನು ಹಲವು ಬಾಣ ಬಿಟ್ಟ ಮೇಲೆ, ಹೀಗೆಯೇ ಬಿಡುತ್ತಾ ಇರಬಲ್ಲೆಯಾ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲು ಮುರಿಯುತ್ತದೆ ಎಂದ ಅವನು. ಮನಸ್ಸೂ ಹಾಗೆಯೇ ಎಂದರು ಯೊವಾನ್ನರು. ದೇಹಕ್ಕೆ ವಿಶ್ರಾಂತಿ ಹೇಗೋ ಮನಸ್ಸಿಗೆ ಆಟ ಹಾಗೆ ಎಂಬುದು ಅಕ್ವಿನಾಸರ ತೀರ್ಮಾನ. ಆದರೆ ಅದಕ್ಕೊಂದು ಕಟ್ಟಳೆಯನ್ನೂ ಸೇರಿಸುತ್ತಾರೆ. ಆಟವು ಆಡುವ ವ್ಯಕ್ತಿಗೆ, ಕಾಲಕ್ಕೆ, ಸ್ಥಳಕ್ಕೆ ತಕ್ಕದಾಗಿರಬೇಕು.

ಹವ್ಯಾಸಿಯನ್ನು ಇಂಗ್ಲಿಷಿನಲ್ಲಿ 'ಅಮೆಚೂರ್' ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲ ಪದಕ್ಕೆ ಪ್ರೀತಿಸುವವನು ಎಂದರ್ಥ. ಹಣಕ್ಕಾಗಿ ಅಲ್ಲ, ಪ್ರೀತಿಗಾಗಿ ಮಾಡುವವನು. ಆದುದರಿಂದ ಆ ತರುಣನ ಪ್ರೀತಿಯನ್ನು ನಾನು ಹಳಿಯಲಿಲ್ಲ. ಪ್ರೀತಿಸುವವನಿಗೆ ಲೆಕ್ಕದ ಹಂಗಿಲ್ಲ ಎಂದು ಅವನು ಭಾವಿಸಿದ್ದ. ನಾನು ಒಪ್ಪದೇ ಇದ್ದದ್ದು ಅದನ್ನು.

ಚೀಟಿಯಲ್ಲಿ ಇಲ್ಲದ ಲೆಕ್ಕ

ಅವನ ಚೀಟಿಯಲ್ಲಿ ಮೂರೇ ಸಾಲುಗಳಿದ್ದವು. ಹಳೆಯ 150 ಸಿ.ಸಿ. ಬೈಕಿಗೆ 60,000 ರೂಪಾಯಿ. ಎಂಜಿನ್ ಕೆಲಸಕ್ಕೆ 25,000. ಹೆಲ್ಮೆಟ್ ಮತ್ತು ಚರ್ಮದ ಉಡುಪಿಗೆ 35,000. ಒಟ್ಟು 1,20,000. ಇದರಲ್ಲಿ 50,000 ಅವನ ಉಳಿತಾಯ, 70,000 ಆಕೆಯ ಸರವನ್ನು ಅಡವಿಟ್ಟು ತಂದದ್ದು.

"ಇಷ್ಟೇನಾ?" ಎಂದು ಕೇಳಿದೆ.

"ಇಷ್ಟೇ ಫಾದರ್" ಎಂದ.

ಆಗ ಆಕೆ ನೋಟ್‌ಬುಕ್ ಬಿಚ್ಚಿದಳು. ಆ ವರ್ಷ ಅವನು ಮೂರು ಸಲ ಸ್ಪರ್ಧೆಗೆ ಹೋಗಿದ್ದ. ಎರಡು ಜೊತೆ ಟೈರಿಗೆ 18,000. ಬೈಕನ್ನು ಸಾಗಿಸುವ ಬಾಡಿಗೆ ವ್ಯಾನು, ಡೀಸೆಲ್, ಟೋಲು ಸೇರಿ ಪ್ರತಿ ಸಲ 9,000ದಂತೆ 27,000. ಪ್ರವೇಶ ಶುಲ್ಕ, ಪರವಾನಗಿ, ವೈದ್ಯಕೀಯ ತಪಾಸಣೆಗೆ 24,000. ಊಟ ವಸತಿಗೆ 9,000. ಒಂದು ಸಲ ಬಿದ್ದಾಗ ಮುರಿದ ಹ್ಯಾಂಡಲ್, ಲಿವರ್, ಫುಟ್‌ರೆಸ್ಟುಗಳಿಗೆ 16,000. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿಯಂತೆ ಹತ್ತು ತಿಂಗಳ ಅಡವಿನ ಬಡ್ಡಿ 7,000. ಶುಕ್ರವಾರ, ಶನಿವಾರ, ಮತ್ತೆ ದಣಿವಾರಿಸಿಕೊಳ್ಳುವ ಸೋಮವಾರ ಎಂದು ಒಂಬತ್ತು ದಿನ ತಪ್ಪಿದ ಕೂಲಿ ದಿನಕ್ಕೆ 800ರಂತೆ 7,200. ಒಟ್ಟು 1,08,200 ರೂಪಾಯಿ. ಅವನು ಹೇಳಿದ ಖರ್ಚಿನ ಹಿಂದೆ ಹೆಚ್ಚುಕಡಿಮೆ ಅಷ್ಟೇ ದೊಡ್ಡದಾದ, ಹೇಳದ ಇನ್ನೊಂದು ಖರ್ಚು ನಿಂತಿತ್ತು. ಎರಡೂ ಸೇರಿ 2,28,200.

ಅವನು ಸುಳ್ಳು ಹೇಳಿದ್ದನೇ? ಇಲ್ಲ. ಬೇಕಾದ್ದನ್ನು ಕೊಳ್ಳುವುದು ಖರ್ಚು, ಅದನ್ನು ನಡೆಸುವುದು ಖರ್ಚಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಆಸೆಪಟ್ಟಾಗ ನಾವೆಲ್ಲರೂ ಹೀಗೆಯೇ ಲೆಕ್ಕ ಹಾಕುತ್ತೇವೆ. ಮದುವೆ ಮಾಡುವವರು ಛತ್ರದ ಬಾಡಿಗೆಯನ್ನು ಬರೆದು ಉಳಿದದ್ದನ್ನು ದೇವರಿಗೆ ಬಿಡುವುದಿಲ್ಲವೇ? ನನ್ನದೂ ಒಂದು ಕಥೆಯಿದೆ. ಹಿಂದೆ ನಾನಿದ್ದ ಊರಿನಲ್ಲಿ ಸಮುದಾಯ ಭವನದ ಅಡಿಪಾಯ ಹಾಕಿಸಿದವನು ನಾನೇ. ಗೋಡೆಗಳ ಲೆಕ್ಕ ಹಾಕಿದ್ದೆ, ಚಾವಣಿಯದನ್ನು ಹಾಕಿರಲಿಲ್ಲ. ಎರಡು ಮಳೆಗಾಲ ಕಂಬಗಳ ಮೇಲೆ ಕಬ್ಬಿಣದ ಸರಳುಗಳು ತುಕ್ಕು ಹಿಡಿಯುತ್ತಾ ನಿಂತಿದ್ದವು. ಹೀಗಾಗಿ ಆ ಚೀಟಿಯನ್ನು ನೋಡಿ ನಗುವ ಅಧಿಕಾರ ನನಗಿರಲಿಲ್ಲ.

ಅವರ ಲೆಕ್ಕದಿಂದ ಯಾರಾದರೂ ಕಲಿಯಬಹುದಾದ ಮೂರು ಮಾತುಗಳಿವೆ.

ಮೊದಲನೆಯದು: ಆದಾಯದ ಕಲಮಿನಲ್ಲಿ ಸೊನ್ನೆ ಬರೆಯಿರಿ. ಬಹುಮಾನ ಬಂದರೆ ತೀರಿಸುತ್ತೇನೆ, ಯಾರಾದರೂ ಪ್ರಾಯೋಜಕರು ಸಿಗುತ್ತಾರೆ ಎಂಬುದು ಲೆಕ್ಕವಲ್ಲ, ಲಾಟರಿ. ನಮ್ಮ ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ ಅವರು 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದರು. ಐಶ್ವರ್ಯ ಪಿಸ್ಸೆ ಅವರು 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳೆಯರ ವಿಭಾಗವನ್ನು ಗೆದ್ದರು. ಅಭಿಮಾನಪಡಬೇಕಾದ ಸಂಗತಿಗಳು. ಆದರೆ ಮನೆಯ ಬಜೆಟ್ಟನ್ನು ಅಂಥವರ ಭಾವಚಿತ್ರ ನೋಡಿ ಬರೆಯಲಾಗದು, ಸಂಬಳದ ಚೀಟಿ ನೋಡಿಯೇ ಬರೆಯಬೇಕು.

ಎರಡನೆಯದು: ಕಳೆದುಕೊಳ್ಳಲು ಆಗದ್ದನ್ನು ಪಥಕ್ಕೆ ಇಳಿಸಬೇಡಿ. ಇದು ರೇಸ್ ಬಲ್ಲವರೇ ಹೇಳುವ ಮಾತು. ಓಡುವ ಬೈಕು ಒಂದಲ್ಲ ಒಂದು ದಿನ ಬೀಳುತ್ತದೆ. ನಮ್ಮ ದೇಶದ ಸಾಮಾನ್ಯ ವಾಹನ ವಿಮೆ ಸಂಘಟಿತ ರೇಸಿಗೂ ವೇಗ ಪರೀಕ್ಷೆಗೂ ಅನ್ವಯಿಸುವುದಿಲ್ಲ. ಜೀವ ವಿಮೆ, ಅಪಘಾತ ವಿಮೆಗಳಲ್ಲೂ ಇಂಥ ಷರತ್ತುಗಳಿರಬಹುದು. ಸಹಿ ಹಾಕುವ ಮುನ್ನ ಓದಬೇಕು. ಮಗಳ ಶಾಲೆಯ ಹಣದಿಂದಲೋ ಅಡವಿನ ಹಣದಿಂದಲೋ ಕೊಂಡ ಬೈಕು ತಿರುವಿನಲ್ಲಿ ಜಾರಿದರೆ ಅದರೊಂದಿಗೆ ಜಾರುವುದು ಯಾವುದೆಂದು ಯೋಚಿಸಿರಿ.

ಮೂರನೆಯದು: ಹೊಸಬರು ತಮ್ಮದೇ ಬೈಕು ಕಟ್ಟಲೇಬೇಕೆಂದಿಲ್ಲ. ಟಿ.ವಿ.ಎಸ್., ರಾಯಲ್ ಎನ್‌ಫೀಲ್ಡ್‌ನಂಥ ತಯಾರಕರು ಎಲ್ಲ ಸ್ಪರ್ಧಿಗಳಿಗೂ ಒಂದೇ ಬಗೆಯ ಬೈಕು ಕೊಟ್ಟು ಸ್ಪರ್ಧೆ ನಡೆಸಿದ್ದಾರೆ. ಅಂಥಲ್ಲಿ ಖರ್ಚಿನ ಬಹುಭಾಗ ಮೊದಲೇ ತಿಳಿದಿರುತ್ತದೆ. ಬಿದ್ದರೆ ರಿಪೇರಿ ಯಾರ ಪಾಲು ಎಂಬುದನ್ನು ಮಾತ್ರ ಮುಂಚೆಯೇ ಕೇಳಿಕೊಳ್ಳಬೇಕು.

ಕಡಿತ ಮಾಡಬಾರದ ಸಾಲುಗಳು

ಖರ್ಚು ಹೆಚ್ಚಾದಾಗ ಏನನ್ನಾದರೂ ಕಡಿಮೆ ಮಾಡಲೇಬೇಕು. ಯಾವುದನ್ನು ಕಡಿಮೆ ಮಾಡುತ್ತೇವೆ ಎಂಬುದರಲ್ಲಿ ನಮ್ಮ ಮನಸ್ಸು ಕಾಣುತ್ತದೆ. ಆ ತರುಣ ಮಾಡಿದ್ದೇನು? ಎಂಜಿನ್ನಿಗೆ ಹೊಸ ಬಿಡಿಭಾಗ ಹಾಕಿಸಿ, ಬಿದ್ದಾಗ ನೆಲಕ್ಕೆ ಬಡಿದಿದ್ದ ಹೆಲ್ಮೆಟ್ಟನ್ನೇ ಮತ್ತೆ ತೊಟ್ಟ. ಹೆಲ್ಮೆಟ್ಟು ಒಂದು ದೊಡ್ಡ ಪೆಟ್ಟನ್ನು ತಾನು ನುಂಗಿಕೊಳ್ಳಲೆಂದೇ ಮಾಡಿದ ವಸ್ತು. ಒಳಗಿನ ಪದರ ಒಮ್ಮೆ ಅಮುಕಿಹೋದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ. ಹೊರಗಿನ ಬಣ್ಣ ಮಾತ್ರ ಹಾಗೆಯೇ ಹೊಳೆಯುತ್ತಿರುತ್ತದೆ. ಮೆಕ್ಯಾನಿಕ್ಕನಾದ ಅವನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ವೇಗಕ್ಕೆ ಮೊದಲ ಪಾಲು, ತಲೆಗೆ ಉಳಿದರೆ ಪಾಲು ಎಂದು ಹಂಚಿದ್ದ.

ಇನ್ನೂ ಕಡಿಮೆ ಖರ್ಚಿನ ದಾರಿಯೊಂದಿದೆ. ಅದೇ ಎಲ್ಲಕ್ಕಿಂತ ಅನ್ಯಾಯದ ದಾರಿ. ಪಥಕ್ಕೆ ಹೋಗಲು ಹಣವಿಲ್ಲದ ಕೆಲವು ಹುಡುಗರು ರಾತ್ರಿ ಹೊತ್ತು ಊರ ಹೊರಗಿನ ರಸ್ತೆಗಳಲ್ಲೇ ಪಂದ್ಯ ಕಟ್ಟುತ್ತಾರೆ. ಪ್ರವೇಶ ಶುಲ್ಕವಿಲ್ಲ, ಪರವಾನಗಿಯಿಲ್ಲ, ಚರ್ಮದ ಉಡುಪೂ ಇಲ್ಲ. ಹಾಗಾದರೆ ಖರ್ಚು ಇಲ್ಲವಾಯಿತೇ? ಇಲ್ಲ. ಆ ಬಿಲ್ಲನ್ನು ಅವರು ಪಾಳಿ ಮುಗಿಸಿ ಮನೆಗೆ ಹೋಗುತ್ತಿರುವ ಯಾರೋ ಅಪರಿಚಿತನ ಹೆಸರಿಗೆ ಬರೆಯುತ್ತಾರೆ. ಮೋಟಾರು ವಾಹನ ಕಾಯ್ದೆಯ 189ನೇ ಕಲಮು ಸಾರ್ವಜನಿಕ ರಸ್ತೆಯ ರೇಸನ್ನು ಅಪರಾಧವೆನ್ನುತ್ತದೆ. ಕಾನೂನು ಇಲ್ಲದಿದ್ದರೂ ಅದು ಅಪರಾಧವೇ. ಪಥದಲ್ಲಿ ಓಡುವವರೆಲ್ಲ ಅಪಾಯವನ್ನು ತಿಳಿದು ಒಪ್ಪಿದವರು. ರಸ್ತೆಯಲ್ಲಿ ಹೋಗುವವನನ್ನು ಯಾರೂ ಕೇಳಿಲ್ಲ.

ಎಲ್ಲ ಸಾಲುಗಳನ್ನೂ ಪ್ರಾಮಾಣಿಕವಾಗಿ ತುಂಬಿದ ಮೇಲೂ ರೂಪಾಯಿಯಲ್ಲಿ ಬರೆಯಲಾಗದ ಒಂದು ಸಾಲು ಉಳಿಯುತ್ತದೆ. ಇಟಲಿಯ ಮಾರ್ಕೊ ಸಿಮೊಂಚೆಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಸವಾರ. ಹಣ ಕೊಂಡುಕೊಡಬಲ್ಲ ರಕ್ಷಣೆಯೆಲ್ಲ ಅವರಿಗಿತ್ತು. ಆದರೂ 2011ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಸೆಪಾಂಗ್ ಪಥದಲ್ಲಿ, 24ನೆಯ ವಯಸ್ಸಿಗೆ, ಓಟದ ನಡುವೆ ಬಿದ್ದು ತೀರಿಕೊಂಡರು. ಹೆದರಿಸಲು ಇದನ್ನು ಹೇಳುತ್ತಿಲ್ಲ. ಕೆಲಸಕ್ಕೆ ಹೋಗುವ ರಸ್ತೆಯಲ್ಲೂ ಸಾವಿದೆ. ಆದರೆ ಆ ಕೊನೆಯ ಸಾಲನ್ನು ತೆರುವವನು ಸವಾರ ಒಬ್ಬನೇ ಅಲ್ಲ. ಬಾಕಿಯನ್ನು ವರ್ಷಗಟ್ಟಲೆ ತೀರಿಸುವವರು ಮನೆಯಲ್ಲಿ ಉಳಿದವರು. ಆದ್ದರಿಂದಲೇ ಅವರು ಆ ಪುಟವನ್ನು ಓದಿ ಒಪ್ಪಿರಬೇಕು.

ಕುಳಿತು ಲೆಕ್ಕ ಹಾಕುವುದು

ದುಂದುಗಾರನ ಬಗ್ಗೆ ತತ್ವಜ್ಞಾನಿ ಅರಿಸ್ಟಾಟಲ್ ಗಮನಿಸಿದ ಒಂದು ಸಂಗತಿಯನ್ನು ಗುರುಮಠದಲ್ಲಿ ಓದಿದ್ದೆ. ಅದರ ಅರ್ಥ ನನಗೆ ಸರಿಯಾಗಿ ಆದದ್ದು ಆ ಜಗಲಿಯ ಮೇಲೆ. ದುಂದುಗಾರ ಹೆಚ್ಚು ಖರ್ಚು ಮಾಡುತ್ತಾನೆ ಎಂಬುದಷ್ಟೇ ಅವನ ದೋಷವಲ್ಲ. ಖರ್ಚು ಮಾಡುವ ಆತುರದಲ್ಲಿ ತೆಗೆದುಕೊಳ್ಳಬಾರದ ಕಡೆಯಿಂದಲೂ ತೆಗೆದುಕೊಳ್ಳತೊಡಗುತ್ತಾನೆ. ಎಷ್ಟು ಖರ್ಚಾಯಿತು ಎಂಬುದು ಅರ್ಧ ಪ್ರಶ್ನೆ, ಯಾರ ಪಾಲಿನಿಂದ ಬಂತು ಎಂಬುದು ಉಳಿದರ್ಧ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು. ಆದರೆ ಮನೆಯಲ್ಲಿ ಒಂದೇ ಹಾಸಿಗೆಯಲ್ಲಿ ಮೂವರು ಮಲಗಿದ್ದಾರೆ. ಒಬ್ಬನು ಚಾಚಿದ ಕಾಲು ಇನ್ನೊಬ್ಬರ ಜಾಗದಲ್ಲಿದೆಯೇ ಎಂದೂ ನೋಡಬೇಕಲ್ಲವೇ?

ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಪ್ರಭು ಯೇಸು ಗೋಪುರ ಕಟ್ಟಲು ಹೊರಟವನ ಮಾತೆತ್ತುತ್ತಾರೆ. ಅಂಥವನು ಮೊದಲು ಕುಳಿತುಕೊಂಡು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂಬುದು ಅವರ ಪ್ರಶ್ನೆ. ಅವರು ಹೇಳಹೊರಟದ್ದು ಶಿಷ್ಯತ್ವದ ಬೆಲೆಯನ್ನು. ಆದರೆ ಉದಾಹರಣೆಗೆ ಆರಿಸಿಕೊಂಡದ್ದು ಸಂಸಾರಿಯ ಸಾಮಾನ್ಯ ವಿವೇಕವನ್ನು. ಆ 'ಕುಳಿತುಕೊಂಡು' ಎಂಬ ಮಾತು ನನಗೆ ಬಹಳ ಹಿಡಿಸುತ್ತದೆ. ನಿಂತುಕೊಂಡು, ಗ್ಯಾರೇಜಿನ ಗದ್ದಲದಲ್ಲಿ, ಬಿಲ್ಲಿನ ಹಿಂಬದಿಯಲ್ಲಿ ಹಾಕಿದ್ದು ಆಸೆಯ ಲೆಕ್ಕ. ಕುಳಿತುಕೊಂಡು ಹಾಕಿದ್ದು ಸತ್ಯದ ಲೆಕ್ಕ. ಮದುವೆಯಾದವನು ಒಬ್ಬನೇ ಕುಳಿತರೂ ಸಾಲದು. ಅಡವಿಟ್ಟ ಸರದಲ್ಲಿ ಹಣಕ್ಕಿಂತ ದೊಡ್ಡದೊಂದು ಕಳೆದುಹೋಗಿತ್ತು. ಆಕೆಯನ್ನು ಕೇಳಿರಲಿಲ್ಲ.

ಹಾಗೆಂದು ಹೆಂಡತಿಯರೆಲ್ಲ ಈ ಬರಹವನ್ನು ಕತ್ತರಿಸಿ ಗಂಡಂದಿರ ಜೇಬಿಗಿಟ್ಟು ಸುಮ್ಮನಾಗುವುದೂ ಬೇಡ. ಅಕ್ಕಿ, ಬಾಡಿಗೆ, ಶಾಲೆಯ ಶುಲ್ಕ, ಚೀಟಿ ಹಣ ಇವಿಷ್ಟೇ ಇರುವ ಲೆಕ್ಕದ ಪುಸ್ತಕವೂ ಅರ್ಧ ಸತ್ಯವೇ. ಸಂತೋಷಕ್ಕೆ ಒಂದು ಸಾಲೂ ಇಲ್ಲದ ಮನೆಯಲ್ಲಿ ಸಂತೋಷ ಕಳ್ಳದಾರಿ ಹುಡುಕುತ್ತದೆ. ಆ ಮೂರು ಸಲದ ಓಟಗಳೆಲ್ಲ ಸೇರಿದರೂ ಎರಡು ಗಂಟೆ ಮೀರುವುದಿಲ್ಲ. ನಿಮಿಷಕ್ಕೆ ಎಷ್ಟು ಸಾವಿರ ಎಂದು ಭಾಗಿಸಿ ನಗಬಹುದು. ಆದರೆ ಆ ನಗು ನ್ಯಾಯವಲ್ಲ. ಕೆಲಸ ಮುಗಿದ ಮೇಲೆ ರಾತ್ರಿ ಹನ್ನೊಂದರವರೆಗೆ ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಅವನು ಪಡೆದ ಸಂತೋಷವೂ ಆ ಹಣದಲ್ಲಿ ಸೇರಿದೆ. ಬಿಲ್ಲಿನ ಹೆದೆ ಸಡಿಲಿಸಲು ಅವನಿಗೆ ಗೊತ್ತಿರುವುದು ಅದೊಂದೇ ದಾರಿ. ನಾನು ಇದನ್ನು ಹೇಳಿದಾಗ ಆಕೆ ಏನೂ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅವಾಗ ಮಾತ್ರ ಇವರು ಹಾಡು ಹೇಳ್ಕೋತಾರೆ ಫಾದರ್" ಎಂದಳು.

ಆ ದಿನ ಜಗಲಿಯಲ್ಲಿ ಎಲ್ಲವೂ ಬಗೆಹರಿಯಲಿಲ್ಲ. ಅವನು ಮುಖ ಬಿಗಿದುಕೊಂಡೇ ಎದ್ದುಹೋದ. ಎರಡು ವಾರದ ಮೇಲೆ ಬಂದು, ಬೈಕನ್ನು ಮಾರಿದೆನೆಂದು ಹೇಳಿದ. ಕೊಟ್ಟದ್ದಕ್ಕಿಂತ ಕಡಿಮೆಗೇ ಹೋಯಿತು. ಅದಕ್ಕೆ ಇನ್ನಷ್ಟು ಸೇರಿಸಿ ಮೊದಲು ಸರವನ್ನು ಬಿಡಿಸಿದರು. ಈ ವರ್ಷ ಅವನು ಸ್ಪರ್ಧಿಸುತ್ತಿಲ್ಲ. ಒಂದೆರಡು ಸಲ ಗೆಳೆಯನೊಬ್ಬನ ಬೈಕಿಗೆ ಮೆಕ್ಯಾನಿಕ್ ಆಗಿ ಪಥಕ್ಕೆ ಹೋಗಿ ಬಂದ. ಪಥದ ಅಂಚಿನಲ್ಲಿ ನಿಂತು ಇತರರು ಓಡುವುದನ್ನು ನೋಡುವುದು ಕಷ್ಟ ಫಾದರ್ ಎಂದ. ಕಷ್ಟವೇ ಇರಬೇಕು. ಅದು ಸುಲಭವೆಂದು ಹೇಳುವ ಬೋಧನೆ ನನ್ನಲ್ಲಿಲ್ಲ.

ಮೊನ್ನೆ ಮನೆ ಆಶೀರ್ವಾದಕ್ಕೆ ಹೋದಾಗ ಆಕೆ ನೋಟ್‌ಬುಕ್ ತಂದು ತೋರಿಸಿದಳು. ಹಾಲು, ಗ್ಯಾಸ್, ಮಗಳ ಶಾಲೆಯ ವ್ಯಾನು. ಅವುಗಳ ಕೆಳಗೆ ಆಕೆಯದೇ ಅಕ್ಷರದಲ್ಲಿ 'ರೇಸ್: 1,500' ಎಂಬ ಸಾಲು ಜನವರಿಯಿಂದ ಪ್ರತಿ ತಿಂಗಳೂ ಇತ್ತು. ವರ್ಷಕ್ಕೆ 18,000 ಆಗುತ್ತದೆ. ಒಂದು ಪೂರ್ತಿ ಋತುವಿಗೆ ಸಾಲದು. ಮೊದಲು ಹೊಸ ಹೆಲ್ಮೆಟ್, ಉಳಿದದ್ದರಲ್ಲಿ ಪಥದ ಮೇಲೆ ಒಂದು ದಿನದ ಅಭ್ಯಾಸ ಎಂದು ಇಬ್ಬರೂ ಮಾತಾಡಿಕೊಂಡಿದ್ದಾರೆ.

ನಿಮ್ಮ ಮನೆಯಲ್ಲಿ ಅದು ರೇಸ್ ಆಗಿರಲಿಕ್ಕಿಲ್ಲ. ಕ್ಯಾಮೆರಾ ಇರಬಹುದು, ಪಾರಿವಾಳ ಇರಬಹುದು, ಹಬ್ಬದ ಸೀರೆ ಇರಬಹುದು, ನನ್ನಂಥವನಿಗೆ ಕಟ್ಟಡದ ಹುಚ್ಚು ಇರಬಹುದು. ಈ ವಾರ ಒಂದು ಸಂಜೆ ಟಿ.ವಿ. ಆರಿಸಿ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿರಿ. ಬಿಲ್ಲಿನ ಹಿಂಬದಿಯಲ್ಲಿರುವುದನ್ನು ಮನೆಯ ಪುಸ್ತಕಕ್ಕೆ ವರ್ಗಾಯಿಸಿರಿ. ಬರೆಯುವಾಗ ಯಾರ ಕೈಯಾದರೂ ತಡವರಿಸಿದರೆ, ಮುಂದಿನ ಸಾಲಿಗೆ ಹೋಗುವ ಮುನ್ನ ಅಲ್ಲಿಯೇ ಸ್ವಲ್ಪ ಹೊತ್ತು ಮಾತಾಡಿರಿ.